ಓದಲಾಗದ ಮಗುವಿಗೆ ಯಂತ್ರದ ನೆರವು: ಮೋಸವಲ್ಲ, ಮದ್ದೂ ಅಲ್ಲ

ಶಾಲೆಯ ಅಂಕಪಟ್ಟಿ ಮನೆಗೆ ಬರುವ ವಾರದಲ್ಲಿ ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ ಒಂದು ಬಗೆಯ ಹೊಟ್ಟೆನೋವಿನ ಮಕ್ಕಳು ಹೆಚ್ಚಾಗಿ ಬರುತ್ತಾರೆ. ಎಂಟರಿಂದ ಹದಿಮೂರು ವರ್ಷದೊಳಗಿನವರು. ನೋವು ಬೆಳಿಗ್ಗೆ ಏಳೂವರೆಗೆ ಶುರುವಾಗಿ, ಶಾಲೆಯ ವ್ಯಾನು ಹೋದ ಮೇಲೆ ತಾನಾಗಿಯೇ ಇಳಿಯುತ್ತದೆ. ಭಾನುವಾರ ಬರುವುದಿಲ್ಲ, ದಸರಾ ರಜೆಯಲ್ಲಿ ಬರುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗಿರುತ್ತದೆ. ರಕ್ತ, ಮೂತ್ರ ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ. ಇನ್ನೆರಡು ಪ್ರಶ್ನೆ ಕೇಳಿದರೆ ತಾಯಿ ಚೀಲದಿಂದ ನೋಟ್‌ಪುಸ್ತಕ ತೆಗೆಯುತ್ತಾರೆ. ಪುಟದ ತುಂಬ ಕೆಂಪು ಶಾಯಿ. "ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ ಡಾಕ್ಟ್ರೇ, ಬರೆಯೋಕೆ ಕೂತ್ರೆ ಒಂದಕ್ಷರ ಬರಲ್ಲ. ಬರೀ ಸೋಮಾರಿತನ" ಎನ್ನುತ್ತಾರೆ ತಂದೆ. ಹುಡುಗ ನೆಲ ನೋಡುತ್ತಾ ಕುಳಿತಿರುತ್ತಾನೆ.

ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಬೇರೆ ಪ್ರಶ್ನೆಗಳೂ ಬರುತ್ತಿವೆ. "ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ಮಾಡಿದ್ದಾರೆ, ಆದ್ರೂ ಇವನ ತಲೆಗೆ ಹತ್ತುತ್ತಿಲ್ಲ. ಒಂದು ಟ್ಯಾಬ್ ಕೊಡಿಸಿದ್ರೆ ಸರಿಹೋಗುತ್ತಾ?" ಎಂದು ಕೆಲವರು ಕೇಳುತ್ತಾರೆ. "ಮೊಬೈಲು ಪಾಠ ಓದಿ ಹೇಳುತ್ತಂತೆ. ಅದನ್ನ ಅಭ್ಯಾಸ ಮಾಡಿಸಿದ್ರೆ ಮಗು ಓದೋದನ್ನೇ ಬಿಟ್ಟುಬಿಡಲ್ವಾ?" ಎಂದು ಮತ್ತೆ ಕೆಲವರು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಓದು ಬರಹ ನಿಜವಾಗಿಯೂ ಕಷ್ಟವಾಗಿರುವ ಮಗುವಿಗೆ ಯಂತ್ರದ ನೆರವು ಕೊಡಬೇಕು. ದೃಷ್ಟಿ ಮಂದವಾದವರಿಗೆ ಕನ್ನಡಕ ಕೊಡುವಷ್ಟೇ ಸಹಜವಾಗಿ ಕೊಡಬೇಕು. ಆದರೆ ಕನ್ನಡಕ ಪಾಠ ಹೇಳಿಕೊಡುವುದಿಲ್ಲ. ಅಕ್ಷರ ಕಲಿಸುವ ಕೆಲಸ ಎಂದಿಗೂ ಮೇಷ್ಟ್ರದೇ. ಈ ಎರಡರಲ್ಲಿ ಯಾವುದನ್ನು ಮರೆತರೂ ನಷ್ಟ ಮಗುವಿಗೆ.

ಕಲಿಕಾ ನ್ಯೂನತೆ ಎಂದರೇನು?

ಮಗುವಿನ ಬುದ್ಧಿ ಚುರುಕಾಗಿದೆ. ಕಣ್ಣು, ಕಿವಿ ಸರಿಯಾಗಿವೆ. ತಪ್ಪದೆ ಶಾಲೆಗೆ ಹೋಗುತ್ತಿದೆ, ಅಲ್ಲಿ ಪಾಠವೂ ನಡೆಯುತ್ತಿದೆ. ಆದರೂ ಓದುವುದರಲ್ಲಿ, ಕಾಗುಣಿತದಲ್ಲಿ, ಬರವಣಿಗೆಯಲ್ಲಿ ಅಥವಾ ಲೆಕ್ಕದಲ್ಲಿ ವಯಸ್ಸಿಗೆ ತಕ್ಕ ಪ್ರಗತಿ ಇಲ್ಲ. ಇದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತೇವೆ. ಓದಿನ ತೊಂದರೆಗೆ ಡಿಸ್‌ಲೆಕ್ಸಿಯಾ, ಬರವಣಿಗೆಯ ತೊಂದರೆಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಂದರೆಗೆ ಡಿಸ್‌ಕ್ಯಾಲ್ಕುಲಿಯಾ ಎಂದು ಹೆಸರು. ಒಂದೇ ಮಗುವಿನಲ್ಲಿ ಎರಡು ಮೂರು ಒಟ್ಟಿಗೆ ಇರಬಹುದು. ಮಾತನ್ನು ಬಿಡಿ ಬಿಡಿ ಧ್ವನಿಗಳಾಗಿ ಒಡೆದು, ಪ್ರತಿ ಧ್ವನಿಗೂ ಅದರ ಅಕ್ಷರವನ್ನು ಹೊಂದಿಸುವ ಕೆಲಸ ಮಿದುಳಿನಲ್ಲಿ ಸರಾಗವಾಗಿ ನಡೆಯದಿರುವುದು ಡಿಸ್‌ಲೆಕ್ಸಿಯಾದ ಮುಖ್ಯ ಲಕ್ಷಣ. ಇದು ವಂಶದಲ್ಲಿ ಹರಿದು ಬರುವುದುಂಟು. ತಂದೆತಾಯಿಯ ಮುದ್ದಿನಿಂದಾಗಲಿ, ಹೊಡೆತದ ಕೊರತೆಯಿಂದಾಗಲಿ ಬರುವಂಥದ್ದಲ್ಲ.

ಇದು ಈ ಕಾಲದ ಹೊಸ ರೋಗವೆಂದು ಹಿರಿಯರು ಮೂಗು ಮುರಿಯುತ್ತಾರೆ. ಡಿಸ್‌ಲೆಕ್ಸಿಯಾ ಎಂಬ ಹೆಸರನ್ನು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲೇ ಬಳಸಿದ್ದರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ವಿಚಾರ ಬರೆದರು. ಬುದ್ಧಿವಂತ, ಆಟದಲ್ಲಿ ಮುಂದು, ಲೆಕ್ಕ ಚೆನ್ನಾಗಿ ಬರುತ್ತಿತ್ತು. ಆದರೆ ಸಣ್ಣ ಪದಗಳನ್ನೂ ಓದಲು ಆಗುತ್ತಿರಲಿಲ್ಲ. ಪಾಠವೆಲ್ಲ ಬರೀ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗಿರುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನೂ ಆ ವೈದ್ಯರು ದಾಖಲಿಸಿದ್ದಾರೆ. ಇವತ್ತು ನನ್ನೆದುರು ಕೂರುವ ತಂದೆ ಹೇಳುವುದೂ ಅದನ್ನೇ. ಆ ಮೇಷ್ಟ್ರ ಕಾಲದಲ್ಲಿ ಪುಸ್ತಕವನ್ನು ಬಾಯಿಮಾತಾಗಿಸುವ ಯಂತ್ರ ಇರಲಿಲ್ಲ. ಈಗ ಅದು ಎಲ್ಲರ ಜೇಬಿನಲ್ಲಿದೆ.

ಎಷ್ಟು ಮಕ್ಕಳಿಗೆ ಈ ತೊಂದರೆ ಇರುತ್ತದೆ? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಶಾಲೆಗೆ ಹೋಗುವ ಮಕ್ಕಳಲ್ಲಿ ಶೇಕಡಾ 5ರಿಂದ 15ರಷ್ಟು. ಕಡಿಮೆ ಲೆಕ್ಕವನ್ನೇ ಹಿಡಿದರೂ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. 2007ರಲ್ಲಿ ತೆರೆಕಂಡ ಹಿಂದಿ ಚಿತ್ರ 'ತಾರೇ ಜಮೀನ್ ಪರ್' ನೋಡಿ ಕಣ್ಣೀರು ಹಾಕಿದ ನಾವೇ ನಮ್ಮ ಮನೆಯ, ನಮ್ಮ ತರಗತಿಯ ಆ ಇಬ್ಬರನ್ನು ದಡ್ಡರೆಂದು ಕರೆಯುತ್ತಿದ್ದೇವೆ.

ಕನ್ನಡದಲ್ಲಿ ಇದು ಹೇಗೆ ಕಾಣುತ್ತದೆ?

ಇಂಗ್ಲಿಷಿನಲ್ಲಿ 'ಬಿ'ಯನ್ನು 'ಡಿ' ಎಂದು ಬರೆಯುವುದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಇಲ್ಲಿ ಈ ತೊಂದರೆ ಇರಲಾರದು ಎಂಬ ನಂಬಿಕೆ ಇದೆ. ಅದು ಸರಿಯಲ್ಲ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ, ಕಾಗುಣಿತ ಮತ್ತು ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಾಧ್ಯಮದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಈ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆಂದು ತೋರಿಸಿತು. ಎಲ್ಲ ಮಕ್ಕಳಿಗೂ ಇಷ್ಟು ಕಾಲ ಹಿಡಿಯುವಾಗ, ತೊಂದರೆಯಿರುವ ಮಗುವಿನ ಪಾಡು ಊಹಿಸಿ.

ಎರಡನೇ ತರಗತಿ ಮುಗಿದರೂ ಈ ಕೆಳಗಿನವು ಬಿಡದೆ ಕಾಣಿಸಿದರೆ ಗಮನ ಕೊಡಿ:

1. ಹ್ರಸ್ವ, ದೀರ್ಘ ಸದಾ ಅದಲುಬದಲು. 'ಕಾಲು' ಇದ್ದದ್ದು 'ಕಲು' ಆಗುತ್ತದೆ.
2. ಒತ್ತಕ್ಷರ ಬಿಟ್ಟುಹೋಗುತ್ತದೆ ಅಥವಾ ಬಿಡಿಯಾಗುತ್ತದೆ. 'ಪುಸ್ತಕ' ಹೋಗಿ 'ಪುಸತಕ'.
3. ವ, ಮ, ಪ. ದ, ಧ ಮುಂತಾದ ಹೋಲುವ ಅಕ್ಷರಗಳಲ್ಲಿ ಗೊಂದಲ.
4. ಪ್ರತಿ ಅಕ್ಷರವನ್ನೂ ಎಣಿಸಿದಂತೆ ಓದುವುದು. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭ ಮರೆತಿರುವುದು.
5. ಕಪ್ಪುಹಲಗೆಯಿಂದ ನಕಲು ಮಾಡುವಾಗ ಯಾವಾಗಲೂ ಎಲ್ಲರಿಗಿಂತ ಹಿಂದೆ.
6. ಇದೇ ಮಗುವಿಗೆ ಪಾಠ ಓದಿ ಹೇಳಿದರೆ ಉತ್ತರ ಸರಿಯಾಗಿ ಬರುತ್ತದೆ.

ಆರನೆಯದು ಬಹಳ ಮುಖ್ಯ. ಕೇಳಿದಾಗ ತಿಳಿಯುತ್ತದೆ, ಓದಿದಾಗ ತಿಳಿಯುವುದಿಲ್ಲ ಎಂದರೆ ಅಡ್ಡಿ ಇರುವುದು ಅಕ್ಷರದ ಬಾಗಿಲಲ್ಲಿ. ಯಂತ್ರದ ನೆರವು ಕೆಲಸಕ್ಕೆ ಬರುವುದೂ ಇಂಥ ಮಗುವಿಗೇ.

ಮೊದಲು ವೈದ್ಯರ ಪರೀಕ್ಷೆ

ಅಂಗಡಿಗೆ ಹೋಗಿ ಟ್ಯಾಬ್ ತರುವ ಮುನ್ನ ಮಗುವನ್ನು ವೈದ್ಯರಿಗೆ ತೋರಿಸಿ. ಓದಿನಲ್ಲಿ ಹಿಂದುಳಿಯುವ ಮಕ್ಕಳೆಲ್ಲರಿಗೂ ಕಲಿಕಾ ನ್ಯೂನತೆ ಇರುವುದಿಲ್ಲ. ದೃಷ್ಟಿದೋಷ, ಕಿವಿ ಸೋರಿ ಮಂದವಾದ ಕೇಳ್ಮೆ, ರಕ್ತಹೀನತೆ, ಥೈರಾಯಿಡ್ ಕೊರತೆ, ಅಡಿನಾಯ್ಡ್ ದಪ್ಪಗಾಗಿ ಗೊರಕೆ ಹೊಡೆಯುತ್ತ ನಿದ್ದೆಗೆಡುವುದು, ಕ್ಷಣಕಾಲ ಮೈಮರೆತು ಶೂನ್ಯ ನೋಡುವ ಬಗೆಯ ಮೂರ್ಛೆರೋಗ, ಇವೆಲ್ಲ ಮಗುವನ್ನು ಹಿಂದೆ ಹಾಕಬಲ್ಲವು. ಇವುಗಳಿಗೆ ಚಿಕಿತ್ಸೆ ಬೇರೆ ಇದೆ. ಒಂದೆಡೆ ಗಮನವಿಟ್ಟು ಕೂರಲಾಗದ ಎಡಿಎಚ್‌ಡಿ ತೊಂದರೆಯೂ ಅನೇಕ ಮಕ್ಕಳಲ್ಲಿ ಕಲಿಕಾ ನ್ಯೂನತೆಯ ಜೊತೆಗೇ ಇರುತ್ತದೆ. ಹೊಟ್ಟೆನೋವನ್ನು ಕೂಡ ಶಾಲೆಯ ಭಯವೆಂದು ಪರೀಕ್ಷಿಸದೆ ತಳ್ಳಿಹಾಕಬಾರದು.

ಇವೆಲ್ಲ ಇಲ್ಲವೆಂದು ಖಚಿತವಾದ ಮೇಲೆ ಮನಶ್ಶಾಸ್ತ್ರಜ್ಞರು ಬುದ್ಧಿಮತ್ತೆ ಅಳೆದು, ಓದು, ಬರಹ, ಲೆಕ್ಕದ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛವನ್ನು ಇದಕ್ಕೆ ಬಳಸುವುದು ರೂಢಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ತಪಾಸಣೆ ನಡೆಯುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಪಾಸಣೆಯ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಶಾಲೆಗೆ ಬರುವ ಆ ವೈದ್ಯ ತಂಡಕ್ಕೆ ಮೇಷ್ಟ್ರು ಮಗುವಿನ ನೋಟ್‌ಪುಸ್ತಕ ತೋರಿಸಿದರೆ ಅರ್ಧ ಕೆಲಸ ಆದಂತೆ.

ಇನ್ನು ನೆನಪಿನ ಶಕ್ತಿಯ ಟಾನಿಕ್ಕು, ಬುದ್ಧಿ ಬೆಳೆಸುವ ಲೇಹ್ಯ: ಕಲಿಕಾ ನ್ಯೂನತೆಯನ್ನು ಗುಣಪಡಿಸುವ ಔಷಧಿ ಯಾವ ಪದ್ಧತಿಯಲ್ಲೂ ಸಿದ್ಧವಾಗಿಲ್ಲ. ಆ ದುಡ್ಡಿನಲ್ಲಿ ಮಗುವಿಗೆ ಮೊಟ್ಟೆ, ಹಾಲು, ಹಣ್ಣು ಕೊಡಿಸಿ.

ಯಂತ್ರ ಏನು ಮಾಡಬಲ್ಲದು?

ವಿಜ್ಞಾನದ ಪಾಠ ಕಲಿಯುವುದು ಒಂದು ಕೆಲಸ. ಆ ಪಾಠವನ್ನು ಓದುವುದು ಇನ್ನೊಂದು ಕೆಲಸ. ನಮಗೆ ಇವೆರಡೂ ಬೇರೆ ಎಂಬುದೇ ಮರೆತುಹೋಗಿದೆ, ಏಕೆಂದರೆ ನಮಗೆ ಓದು ಸಲೀಸು. ಡಿಸ್‌ಲೆಕ್ಸಿಯಾ ಇರುವ ಮಗುವಿನ ಶಕ್ತಿಯೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾಗಿ, ವಿಜ್ಞಾನಕ್ಕೆ ಏನೂ ಉಳಿಯುವುದಿಲ್ಲ. ಐದನೇ ತರಗತಿಯ ಹೊತ್ತಿಗೆ ಓದು ಮಾತ್ರವಲ್ಲ, ಸಮಾಜ, ವಿಜ್ಞಾನ, ಲೆಕ್ಕ ಎಲ್ಲವೂ ಕೈಬಿಟ್ಟಿರುತ್ತವೆ. ಒಂದು ತೊಂದರೆ ಹತ್ತಾಗುವುದು ಹೀಗೆ. ಇದನ್ನು ತಡೆಯುವುದೇ ಯಂತ್ರದ ಕೆಲಸ.

ಕೇಳಿಸುವುದು: ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲೇ ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿಸುವ ಅನುಕೂಲವಿದೆ. ಪುಸ್ತಕದ ಪುಟದ ಮೇಲೆ ಕ್ಯಾಮೆರಾ ಹಿಡಿದು ಓದಿಸಲೂ ಬರುತ್ತದೆ. ಉಚ್ಚಾರ ಅಲ್ಲಲ್ಲಿ ಎಡವುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಈ ಬಗೆಯ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಓದಿನ ತೊಂದರೆಯಿರುವ ಮಕ್ಕಳಿಗೆ ಪಠ್ಯವನ್ನು ಕೇಳಿಸಿದರೆ ಅರ್ಥ ಮಾಡಿಕೊಳ್ಳುವುದು ಸುಧಾರಿಸುತ್ತದೆಂದು ಕಂಡುಬಂತು. ಲಾಭ ಅಗಾಧವೇನಲ್ಲ, ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ. ಆದರೆ ಖರ್ಚಿಲ್ಲದೆ ಸಿಗುವ ಲಾಭ.

ಬರೆಸುವುದು: ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿ ಮೂಡಿಸುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ಒದಗಿಸಿತು. ಬರವಣಿಗೆಯೇ ಹಿಂಸೆಯಾದ ಮಗು ತನ್ನ ಉತ್ತರವನ್ನು ಮೊದಲು ಹೇಳಿ ಮೂಡಿಸಿ, ಆಮೇಲೆ ಅದನ್ನು ನೋಡಿ ತಿದ್ದಿ ಬರೆಯಬಹುದು. ದೊಡ್ಡ ಮಕ್ಕಳು ಕೀಲಿಮಣೆ ಕಲಿಯಬಹುದು.

ದೊಡ್ಡದು ಮಾಡುವುದು: ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೆ ಡಿಸ್‌ಲೆಕ್ಸಿಯಾ ಇರುವ ಮಕ್ಕಳು ಚೆನ್ನಾಗಿ ಓದುತ್ತಾರೆಂದು ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ವರದಿ ಮಾಡಿತು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವ ನಮ್ಮ ಲಿಪಿಗೆ ಸಾಲುಗಳ ನಡುವಿನ ಜಾಗವೂ ಮುಖ್ಯವೆಂದು ನನಗನ್ನಿಸುತ್ತದೆ. ಪರದೆಯ ಮೇಲೆ ಇದು ಒಂದು ಬೆರಳಿನ ಕೆಲಸ.

ಲೆಕ್ಕ: ಎಂಟನೇ ತರಗತಿಯ ಬೀಜಗಣಿತ ಅರ್ಥವಾಗಿರುವ ಮಗು ಏಳೆಂಟಲ ಎಷ್ಟು ಎಂಬಲ್ಲಿ ಮುಗ್ಗರಿಸುತ್ತಿದ್ದರೆ, ಮಗ್ಗಿಯ ಅಭ್ಯಾಸ ಬೇರೆ ಹೊತ್ತಿಗಿರಲಿ, ಬೀಜಗಣಿತಕ್ಕೆ ಕ್ಯಾಲ್ಕ್ಯುಲೇಟರ್ ಕೊಡಿ.

ಪುಸ್ತಕಗಳು: ಮುದ್ರಿತ ಅಕ್ಷರ ಓದಲಾಗದವರಿಗಾಗಿ ಪುಸ್ತಕವನ್ನು ಧ್ವನಿ ಮುಂತಾದ ರೂಪಕ್ಕೆ ತರಲು ಅಡ್ಡಿಯಾಗಿದ್ದ ಹಕ್ಕುಸ್ವಾಮ್ಯದ ತೊಡಕನ್ನು ನಮ್ಮ ದೇಶ 2012ರ ಕಾಯಿದೆ ತಿದ್ದುಪಡಿಯಲ್ಲೇ ಬಿಡಿಸಿತು. 2013ರ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಮೊದಲು ಸ್ಥಿರೀಕರಿಸಿದ ದೇಶವೂ ಭಾರತವೇ. ಕೇಂದ್ರ ಸರ್ಕಾರದ 'ಸುಗಮ್ಯ ಪುಸ್ತಕಾಲಯ' 2016ರಲ್ಲಿ ಆರಂಭವಾಯಿತು. ಇದು ದೃಷ್ಟಿಹೀನರಿಗೆ ಮಾತ್ರ ಎಂಬುದು ಜನರ ತಿಳಿವಳಿಕೆ. ಡಿಸ್‌ಲೆಕ್ಸಿಯಾ ಇರುವವರಿಗೂ ಈ ಹಕ್ಕು ಅನ್ವಯಿಸುತ್ತದೆ.

ಇವುಗಳಲ್ಲಿ ಯಾವುದೂ ಕೈಗೆಟುಕದಿದ್ದರೆ ಇನ್ನೊಂದು ಉಪಾಯ ಹೇಳುತ್ತೇನೆ. ನಮ್ಮಲ್ಲಿಗೆ ಬರುವ ಏಳನೇ ತರಗತಿಯ ಹುಡುಗನೊಬ್ಬನಿಗೆ ಅವನ ಅಕ್ಕ ಸಂಜೆ ಪಾಠಗಳನ್ನು ನಿಧಾನವಾಗಿ ಓದಿ, ಅಪ್ಪನ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಡುತ್ತಾಳೆ. ಅವನು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಾನೆ. ಅರ್ಥವಾಗದಿದ್ದರೆ ಮತ್ತೆ ಹಿಂದಕ್ಕೆ. ಅಕ್ಕನಿಗೆ ಬೇಸರವಾಗುವುದಿಲ್ಲ, ಏಕೆಂದರೆ ಅವಳು ಓದುವುದು ಒಂದೇ ಸಲ. ಅವನ ಕಾಗುಣಿತ ಇಂದಿಗೂ ತಪ್ಪುತ್ತದೆ. ಆದರೆ ಎಲೆ ಆಹಾರ ತಯಾರಿಸುವುದು ಹೇಗೆಂದು ನನಗೆ ಬಿಡಿಸಿ ಹೇಳಿದ. ಬೆಳಗಿನ ಹೊಟ್ಟೆನೋವು ನಿಂತಿದೆ.

ಇದು ಮೋಸವಲ್ಲವೇ?

"ಬೇರೆ ಮಕ್ಕಳು ಕಷ್ಟಪಟ್ಟು ಓದುವಾಗ ಇವನಿಗೆ ಮಾತ್ರ ಯಂತ್ರ ಓದಿ ಹೇಳಿದರೆ ಅನ್ಯಾಯವಲ್ಲವೇ?" ಶಿಕ್ಷಕರ ಸಭೆಯೊಂದರಲ್ಲಿ ನನಗೆ ಈ ಪ್ರಶ್ನೆ ಬಂತು. ಕೈಯ ಐದು ಬೆರಳು ಒಂದೇ ಸಮ ಇರುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವ ನಾವು, ತರಗತಿಯಲ್ಲಿ ಮಾತ್ರ ಐದಕ್ಕೂ ಒಂದೇ ಉಂಗುರ ತೊಡಿಸಲು ಹೊರಡುತ್ತೇವೆ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆದ ಮಗುವನ್ನು ಯಾರೂ ಕಳ್ಳನೆನ್ನುವುದಿಲ್ಲ.

ಆದರೆ ಒಂದು ವಿವೇಚನೆ ಬೇಕು. ಯಾವ ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂದು ಕೇಳಿಕೊಳ್ಳಿ. ಇತಿಹಾಸದ ಪರೀಕ್ಷೆ ಅಳೆಯಬೇಕಾದದ್ದು ಇತಿಹಾಸವನ್ನು. ಅಲ್ಲಿ ಪ್ರಶ್ನೆಯನ್ನು ಓದಿ ಹೇಳಿದರೆ ಅನ್ಯಾಯವಿಲ್ಲ. ಮಗುವಿಗೆ ಓದಲು ಬರುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಯಂತ್ರ ಓದಿದರೆ ಅದು ಪರೀಕ್ಷೆಯೇ ಅಲ್ಲ. ಈ ಗೆರೆ ಎಳೆಯಲು ಶಿಕ್ಷಕರಿಗೆ ಕಷ್ಟವಾಗಬಾರದು.

ಕಾನೂನೂ ಇದೇ ಮಾತು ಹೇಳುತ್ತದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳಲ್ಲಿ ಇದನ್ನೂ ಸೇರಿಸಿತು. ಮಕ್ಕಳಲ್ಲಿ ಇದನ್ನು ಆದಷ್ಟು ಬೇಗ ಗುರುತಿಸಿ ಸೂಕ್ತ ಬೋಧನಾಕ್ರಮ ಕೈಗೊಳ್ಳುವುದು ಶಾಲೆಗಳ ಹೊಣೆಯೆಂದು ಅದರ 16ನೇ ಕಲಮು ಹೇಳುತ್ತದೆ. ಕೇಂದ್ರದ 2018ರ ಪರೀಕ್ಷಾ ಮಾರ್ಗಸೂಚಿಯಂತೆ, ಸಹಾಯಕ ಬರಹಗಾರರ ನೆರವಿಗೆ ಅರ್ಹರಾದವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಕೊಡಬೇಕು. ವಿಶೇಷ ಅಗತ್ಯದ ಮಕ್ಕಳು ಉತ್ತರ ಟೈಪ್ ಮಾಡಲು, ಪ್ರಶ್ನೆ ಕೇಳಿಸಿಕೊಳ್ಳಲು ಕಂಪ್ಯೂಟರ್ ಬಳಸುವುದಕ್ಕೆ ಸಿಬಿಎಸ್‌ಇ 2018ರಲ್ಲಿ ಅವಕಾಶ ಕೊಟ್ಟಿತು.

ಇವುಗಳಿಗೆ ಸರ್ಕಾರ ನೇಮಿಸಿದ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು. 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬುವ ಮುನ್ನ ಅದನ್ನು ಕೊಡುವುದಿಲ್ಲ. ಇದರಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟಿದೆ. ಎಂಟು ವರ್ಷವಾಗಲಿ, ಆಮೇಲೆ ನೋಡೋಣ ಎಂದು ಶಾಲೆಯವರು ಸುಮ್ಮನಾಗುತ್ತಾರೆ. ಪ್ರಮಾಣಪತ್ರಕ್ಕೆ ಕಾಯಬೇಕು, ನಿಜ. ಪಾಠ ಓದಿ ಹೇಳುವುದಕ್ಕೆ, ಅಕ್ಷರ ತಿದ್ದಿಸುವುದಕ್ಕೆ ಯಾರ ಪ್ರಮಾಣಪತ್ರವೂ ಬೇಡ. ಹತ್ತನೇ ತರಗತಿಯ ಪರೀಕ್ಷೆ ಎರಡು ತಿಂಗಳಿರುವಾಗ ಸರ್ಟಿಫಿಕೇಟಿಗಾಗಿ ಓಡಿಬರುವ ಪೋಷಕರನ್ನೂ ನೋಡುತ್ತಿದ್ದೇನೆ. ಆಗ ಸಿಗುವುದು ಹೆಚ್ಚುವರಿ ಸಮಯ ಮಾತ್ರ. ಕಳೆದುಹೋದ ಎಂಟು ವರ್ಷ ಸಿಗುವುದಿಲ್ಲ.

ಯಂತ್ರ ಏನು ಮಾಡಲಾರದು?

ಈಗ ಇನ್ನೊಂದು ಮಗ್ಗುಲು. ಯಂತ್ರ ಓದಿ ಹೇಳಿದರೆ ಪಾಠ ತಿಳಿಯುತ್ತದೆ, ಓದಲು ಬರುವುದಿಲ್ಲ. ಬಸ್ಸಿನ ಫಲಕ, ಔಷಧಿಯ ಚೀಟಿ, ಬ್ಯಾಂಕಿನ ಅರ್ಜಿ ಇವನ್ನೆಲ್ಲ ಮಗು ನಾಳೆ ತಾನೇ ಓದಬೇಕು. ಅದಕ್ಕೆ ಬೇಕಾದದ್ದು ಕ್ರಮಬದ್ಧ ಬೋಧನೆ. ಪದವನ್ನು ಧ್ವನಿಗಳಾಗಿ ಒಡೆಯುವುದು, ಧ್ವನಿಗೆ ಅಕ್ಷರ ಹೊಂದಿಸುವುದು, ಸುಲಭದಿಂದ ಕಠಿಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು, ಕಲಿತದ್ದನ್ನು ಮತ್ತೆ ಮತ್ತೆ ತಿರುವಿಹಾಕುವುದು. ಧ್ವನಿ ಮತ್ತು ಅಕ್ಷರದ ಸಂಬಂಧವನ್ನು ಹೀಗೆ ಕ್ರಮವಾಗಿ ಕಲಿಸುವುದು ಫಲಕಾರಿಯೆಂದು ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ವರದಿ ಕೊಟ್ಟಿತು. ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತ, ಜೊತೆಗೆ ಬಾಯಲ್ಲಿ ಹೇಳಿಸುತ್ತಿದ್ದ ನಮ್ಮ ಹಳೆಯ ಕಾಲದ ಮೇಷ್ಟ್ರು ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸುತ್ತಿದ್ದರು. ಇಂದಿನ ವಿಶೇಷ ಶಿಕ್ಷಕರು ಮಾಡಿಸುವುದರಲ್ಲೂ ಬಹುಪಾಲು ಇದೇ. ದಿನಕ್ಕೆ ಅರ್ಧ ಗಂಟೆ, ವರ್ಷಗಟ್ಟಲೆ. ಇದಕ್ಕೆ ಅಡ್ಡದಾರಿ ಇಲ್ಲ.

ಹಾಗಾಗಿ ಎರಡು ಹೊತ್ತು ಬೇರೆ ಬೇರೆ ಇಡಿ. ಓದು ಕಲಿಯುವ ಅರ್ಧ ಗಂಟೆಯಲ್ಲಿ ಯಂತ್ರ ಓದಿ ಹೇಳುವುದು ಬೇಡ. ಮಗುವೇ ತಡವರಿಸುತ್ತ ಓದಲಿ. ಉಳಿದ ವಿಷಯ ಕಲಿಯುವಾಗ ಯಂತ್ರ ಓದಲಿ, ಮಗು ತಿಳಿದುಕೊಳ್ಳಲಿ. "ಕೇಳೋ ಅಭ್ಯಾಸವಾದ್ರೆ ಓದೋದು ಬಿಡ್ತಾನೆ" ಎಂಬ ಭಯಕ್ಕೆ ಇದೇ ಉತ್ತರ.

ಸ್ಮಾರ್ಟ್ ಕ್ಲಾಸಿನ ಬಗ್ಗೆಯೂ ಒಂದು ಮಾತು. ಗೋಡೆಯ ಮೇಲೆ ದೊಡ್ಡ ಪರದೆ ಹಾಕಿ ಐವತ್ತು ಮಕ್ಕಳಿಗೆ ಒಂದೇ ಪಾಠವನ್ನು ಒಂದೇ ವೇಗದಲ್ಲಿ ತೋರಿಸಿದರೆ, ಅದು ಬಣ್ಣದ ಕಪ್ಪುಹಲಗೆ ಅಷ್ಟೆ. ನಮ್ಮ ಮಗುವಿಗೆ ಬೇಕಾದದ್ದು ನಿಲ್ಲಿಸಲು, ಹಿಂದಕ್ಕೆ ಹೋಗಲು, ನಿಧಾನ ಮಾಡಲು ಬರುವಂಥ ಸಾಧನ. ಅದರ ಗುಂಡಿ ಮಗುವಿನ ಕೈಯಲ್ಲಿರಬೇಕು. ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಯುನೆಸ್ಕೋ 2023ರಲ್ಲಿ ಹೊರತಂದ ವರದಿಯೂ, ಇಂಥ ಸಾಧನಗಳಿಂದ ಎಷ್ಟು ಪ್ರಯೋಜನವೆಂಬುದಕ್ಕೆ ನಿಷ್ಪಕ್ಷಪಾತವಾದ ಪುರಾವೆ ಬಹಳ ಕಡಿಮೆಯೆಂದು ಎಚ್ಚರಿಸಿದೆ. ಶಾಲೆ ಸೇರಿಸುವಾಗ ಎಷ್ಟು ಪರದೆಗಳಿವೆ ಎಂದು ಕೇಳುವ ಬದಲು, ಹಿಂದುಳಿದ ಮಗುವಿನ ಪಕ್ಕ ದಿನಕ್ಕೆ ಅರ್ಧ ಗಂಟೆ ಕೂರುವ ಶಿಕ್ಷಕರಿದ್ದಾರೆಯೇ ಎಂದು ಕೇಳಿ.

ಮೋಸಹೋಗಬೇಡಿ

ಕಂಗಾಲಾದ ತಂದೆತಾಯಿ ಎಲ್ಲಿದ್ದಾರೋ ಅಲ್ಲಿ ವ್ಯಾಪಾರಿಗಳೂ ಇರುತ್ತಾರೆ. ಬಣ್ಣದ ಗಾಜಿನ ಕನ್ನಡಕ ಹಾಕಿದರೆ ಅಥವಾ ಕಣ್ಣಿಗೆ ವ್ಯಾಯಾಮ ಮಾಡಿಸಿದರೆ ಡಿಸ್‌ಲೆಕ್ಸಿಯಾ ಹೋಗುತ್ತದೆಂಬ ಪ್ರಚಾರವಿದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿದವು. ಕಂಪ್ಯೂಟರ್ ಆಟಗಳಿಂದ ಮಿದುಳಿನ ಶಕ್ತಿ, ಶಾಲೆಯ ಓದು ಎಲ್ಲವೂ ಹೆಚ್ಚುತ್ತದೆಂದು ಜಾಹೀರಾತು ನೀಡಿದ ಕಂಪನಿಯೊಂದು, ಪುರಾವೆಯಿಲ್ಲದ ಮಾತಿಗಾಗಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಬೇಕಾಯಿತು. "ಮೂರು ತಿಂಗಳಲ್ಲಿ ಗುಣ" ಎಂದು ಯಾರಾದರೂ ಹೇಳಿದರೆ ನಮಸ್ಕಾರ ಹಾಕಿ ಎದ್ದು ಬನ್ನಿ.

ಮನೆಯಲ್ಲಿ ಪಾಲಿಸಬೇಕಾದದ್ದು

1. ಪಾಠದ ಫೋನು ಬೇರೆ, ಆಟದ ಫೋನು ಬೇರೆ ಎಂಬ ಶಿಸ್ತು ಇರಲಿ. ಫೋನು ಒಂದೇ ಇದ್ದರೆ ಪಾಠದ ಹೊತ್ತಿನಲ್ಲಿ ಇಂಟರ್‌ನೆಟ್ ಆರಿಸಿ. ಧ್ವನಿಮುದ್ರಿತ ಪಾಠಕ್ಕೆ ಅದು ಬೇಕಿಲ್ಲ.
2. ಕೇಳುವಾಗ ಪುಸ್ತಕ ತೆರೆದಿರಲಿ, ಬೆರಳು ಸಾಲಿನ ಮೇಲಿರಲಿ.
3. ಇಯರ್‌ಫೋನಿನ ಸದ್ದು ಕಡಿಮೆ ಇರಲಿ. ಪಕ್ಕದವರ ಮಾತು ಮಗುವಿಗೆ ಕೇಳಿಸುವಂತಿರಬೇಕು.
4. ಪರದೆ ನೋಡುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರ ನೋಡಲಿ. ಮಲಗುವ ಒಂದು ಗಂಟೆ ಮೊದಲು ಫೋನು ದೂರವಿರಲಿ.
5. ತಮ್ಮ, ತಂಗಿ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವುದು ಬೇಡ. ಚಿತ್ರ, ಆಟ, ಯಂತ್ರ ಬಿಚ್ಚಿ ಜೋಡಿಸುವುದು, ಹೀಗೆ ಮಗುವಿಗೆ ಒಲಿದದ್ದನ್ನು ಅಂಕ ಕಡಿಮೆಯಾಯಿತೆಂದು ನಿಲ್ಲಿಸಬೇಡಿ.
6. ಮಗು ಮಂಕಾಗಿ, ಊಟ ನಿದ್ದೆ ಬಿಟ್ಟು, ಬದುಕು ಬೇಡವೆಂಬಂತೆ ಮಾತಾಡಿದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಶಾಲೆಗೆ, ಸರ್ಕಾರಕ್ಕೆ ಎರಡು ಮಾತು

ತರಗತಿಯಲ್ಲಿ ಒಬ್ಬನ ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಸಿದರೆ ಉಳಿದ ಮಕ್ಕಳು ಆಡಿಕೊಳ್ಳುತ್ತಾರೆ. ಎಷ್ಟೋ ಮಕ್ಕಳು ನೆರವನ್ನು ನಿರಾಕರಿಸುವುದು ಈ ಅವಮಾನಕ್ಕೆ ಹೆದರಿ. ಧ್ವನಿಪಾಠ ಯಾರು ಬೇಕಾದರೂ ಕೇಳಬಹುದೆಂದು ಎಲ್ಲರಿಗೂ ತೆರೆದಿಟ್ಟರೆ ಯಾರೂ ಬೇರೆಯಾಗಿ ಕಾಣುವುದಿಲ್ಲ. ಗಟ್ಟಿಯಾಗಿ ಓದೆಂದು ಆ ಮಗುವನ್ನು ಎಲ್ಲರೆದುರು ನಿಲ್ಲಿಸುವುದನ್ನಂತೂ ಇಂದೇ ಬಿಡಬೇಕು. ಎನ್‌ಸಿಇಆರ್‌ಟಿ 2022ರಲ್ಲಿ ಶಿಕ್ಷಕರಿಗಾಗಿ 'ಪ್ರಶಸ್ತ್' ಎಂಬ ತಪಾಸಣಾ ಆ್ಯಪ್ ಹೊರತಂದಿದೆ. ರೋಗನಿರ್ಣಯ ಮಾಡುವುದು ಅದರ ಉದ್ದೇಶವಲ್ಲ. ಯಾವ ಮಗುವನ್ನು ಪರೀಕ್ಷೆಗೆ ಕಳಿಸಬೇಕೆಂದು ತಿಳಿಯಲು ಸಾಕು.

ಸರ್ಕಾರ ಮಾಡಬೇಕಾದ ಒಂದು ಕೆಲಸಕ್ಕೆ ಹೆಚ್ಚು ಹಣವೂ ಬೇಡ. ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಕನ್ನಡ ಕಡತವನ್ನು ಓದುವ ಯಂತ್ರಗಳು ಅರ್ಥ ಮಾಡಿಕೊಳ್ಳಲಾರವು. ನಮ್ಮ ಕಣ್ಣಿಗೆ ಚೆಂದದ ಕನ್ನಡ ಕಂಡರೂ ಯಂತ್ರದ ಬಾಯಿಂದ ಬರುವುದು ಅರ್ಥವಿಲ್ಲದ ಸದ್ದು. ಒಂದರಿಂದ ಹತ್ತನೇ ತರಗತಿವರೆಗಿನ ಪ್ರತಿ ಪಠ್ಯಪುಸ್ತಕವೂ ಯುನಿಕೋಡ್ ಪಠ್ಯವಾಗಿ ಸಿಗಬೇಕು. ಅದರ ಜೊತೆಗೆ ಒಳ್ಳೆಯ ಕನ್ನಡ ದನಿಯೊಂದರಲ್ಲಿ ಓದಿಸಿದ ಧ್ವನಿಮುದ್ರಿಕೆಯೂ ಇರಬೇಕು. ಆಕಾಶವಾಣಿಯಲ್ಲಿ ದಶಕಗಳ ಕಾಲ ಶಾಲಾ ಪಾಠ ಕೇಳಿ ಬೆಳೆದ ನಾಡು ನಮ್ಮದು. ಇದು ನಮಗೆ ಆಗದ ಕೆಲಸವಲ್ಲ.

ಓದುಗರೇ, ನಿಮ್ಮ ಮನೆಯಲ್ಲಿ ಬಾಯಲ್ಲಿ ಎಲ್ಲ ಹೇಳಿ ಬರೆಯುವಾಗ ಸೋಲುವ ಮಗು ಇದ್ದರೆ, ಈ ಸಂಜೆ ಒಂದು ಪರೀಕ್ಷೆ ಮಾಡಿ ನೋಡಿ. ಅದಕ್ಕೆ ಓದಲಾಗದ ಒಂದು ಪಾಠವನ್ನು ನೀವೇ ಓದಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಉತ್ತರ ಸರಿ ಬಂದರೆ, ಸೋಮಾರಿ ಎಂಬ ಮಾತನ್ನು ಅಲ್ಲಿಗೇ ಬಿಟ್ಟು, ನೋಟ್‌ಪುಸ್ತಕದ ಸಮೇತ ಮಗುವನ್ನು ವೈದ್ಯರ ಬಳಿ ಕರೆತನ್ನಿ.